ಒಬ್ಬ ನಾಯಿಯನ್ನು ಮರಳಿ ಸೇವೆಗೆ ತೆಗೆದುಕೊಳ್ಳುವ ಕುರಿತು

ಸ್ಥಳ: ಬಾಡಗಂಡಿ
ದಿನಾಂಕ: 19-11-2012

ಇಂದ,
ಚಿದಾನಂದ ಗುರಪ್ಪ ಬಿರಾದಾರ,
ಕಾರ್ಯದರ್ಶಿ ಹಾಗೂ ಖಾಯಂ ಅಂಪೈರ್,
ಕೋಟೆ ಕಾಳಗ ಆಟಗಾರರ ಸಂಘ (ನೋಂದಣಿ ಆಗಬೇಕಾಗಿದೆ),
ಸಾ. ಬಾಡಗಂಡಿ, ತಾ. ಬೀಳಗಿ, ಜಿ. ಬಾಗಲಕೋಟೆ.

ಗೆ,
ಮಾನ್ಯ ವ್ಯವಸ್ಥಾಪಕ ನಿರ್ದೇಶಕರು,
ಚತುರಂಗಬಲ ಆಟಿಕೆ ಕಂಪನಿ,
ಹುಬ್ಬಳ್ಳಿ.

ವಿಷಯ: ತಾವು ಮರಳಿ ಹೊರತಂದ ‘ಕೋಟೆ ಕಾಳಗ’ ಆಟದಲ್ಲಿ ತಿದ್ದಿರುವ ಮುದ್ರಣದೋಷವನ್ನು ಮೊದಲಿನಂತೆಯೇ ಮಂಜೂರು ಮಾಡಿಕೊಡುವ ಬಗ್ಗೆ.

ಉಲ್ಲೇಖ: 1. ಹಳೆಯ ಆವೃತ್ತಿಯ ನಿಯಮಪತ್ರ, ಜಮಖಂಡಿ, 1997.
2. ಹೊಸ ಆವೃತ್ತಿಯ ನಿಯಮಪುಸ್ತಕ, ಪುಟ 3, ‘ಸರಿಪಡಿಸಲಾದ ತಪ್ಪುಗಳು’.
3. ಶ್ರೀ ಗಿರಿಮಲ್ಲಪ್ಪ ಬಿರಾದಾರ ಇವರು ಮುಧೋಳದ ಬಿಡುಗಡೆ ಸಮಾರಂಭದಲ್ಲಿ ಬಹಿರಂಗವಾಗಿ ಆಡಿದ ‘ಲೇ’.

ಮಾನ್ಯರೇ,

ಮೇಲ್ಕಾಣಿಸಿದ ವಿಷಯದಲ್ಲಿ, ಮೂರನೆಯ ಉಲ್ಲೇಖದಿಂದ ನಮ್ಮ ಊರಿನಲ್ಲಿ ಉಂಟಾಗಿರುವ ಪರಿಸ್ಥಿತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ತಾವು ಹುಬ್ಬಳ್ಳಿಯವರಾದ ಕಾರಣ ಮೊದಲಿನಿಂದ ಹೇಳಬೇಕಾಗಿದೆ.

1. ‘ಕೋಟೆ ಕಾಳಗ’ವು ಮೇಜಿನ ಮೇಲೆ, ಮೇಜಿಲ್ಲದ ಮನೆಗಳಲ್ಲಿ ಹೊರಸಿನ ಮೇಲೆ, ಹಾಸಿ ಆಡುವ ಯುದ್ಧದ ಆಟ. ಎರಡು ಕೋಟೆ, ನಡುವೆ ಒಂದು ಹೊಳೆ, ಎರಡೂ ಕಡೆ ಕಾಲಾಳು, ಕುದುರೆ, ತೋಪು. ಜಮಖಂಡಿಯಲ್ಲಿ ಮುದ್ರಣಾಲಯ ಇಟ್ಟಿದ್ದ ದಿವಂಗತ ಅಣ್ಣಾಸಾಹೇಬರು ಇದನ್ನು ತಾವೇ ರಚಿಸಿ, ತಾವೇ ಅಚ್ಚು ಹಾಕಿ, ನಮ್ಮ ಜಿಲ್ಲೆ ಬೇರೆಯಾದ ವರ್ಷವೇ ಮಾರಾಟಕ್ಕೆ ಬಿಟ್ಟರು. ಜಿಲ್ಲೆಗಿಂತ ಮೊದಲು ಜನಕ್ಕೆ ಆಟವೇ ರೂಢಿಯಾಯಿತು. ಬನಹಟ್ಟಿಯ ಮಗ್ಗದವರು, ಮುಧೋಳದ ಅಂಗಡಿಯವರು, ಬೀಳಗಿ ಕಡೆಯ ಕಬ್ಬಿನವರು ಎಲ್ಲರೂ ಆಡಿದರು. ಎಂಟು ವರ್ಷಗಳ ನಂತರ ಅನಗವಾಡಿಯ ಹೊಳೆದಂಡೆಯಲ್ಲಿದ್ದ ಗೋದಾಮಿಗೆ ಹಿನ್ನೀರು ಹೊಕ್ಕು ಡಬ್ಬಿಗಳೆಲ್ಲ ಅಂಬಲಿಯಾದುದರಿಂದ ಆಟ ನಿಂತುಹೋಯಿತು.

2. ಅಣ್ಣಾಸಾಹೇಬರ ಕೈಬರಹದಲ್ಲಿ ‘ಕ’ ಅಕ್ಷರವು ತನ್ನ ಜಾಗದಲ್ಲಿ ಕೂರದೆ ಹಿಂದಿನ ಅಕ್ಷರದ ಹೆಗಲೇರುತ್ತಿತ್ತು. ಅವರಲ್ಲಿ ಮೊಳೆ ಜೋಡಿಸುತ್ತಿದ್ದವರು ಮುಧೋಳದ ಲಗಮಣ್ಣ. ಅಣ್ಣಾಸಾಹೇಬರು ‘ನಾಯಕ’ ಎಂದು ಬರೆದ ಕಡೆಯಲ್ಲೆಲ್ಲ ಲಗಮಣ್ಣನವರು ‘ನಾಯಿ’ ಎಂದು ಓದಿ, ಹಾಗೆಯೇ ಜೋಡಿಸಿದರು. ಪರಿಣಾಮವಾಗಿ ನಿಯಮಪತ್ರವು ಈ ಕೆಳಗಿನಂತೆ ಹೊರಬಂದಿತು:

ನಿಯಮ 4: ಪ್ರತಿ ಸೈನ್ಯಕ್ಕೂ ಒಬ್ಬ ನಾಯಿ ಇರತಕ್ಕದ್ದು.
ನಿಯಮ 7: ನಾಯಿಯು ಕುದುರೆಯನ್ನೇರಿ ಯುದ್ಧ ನಡೆಸುವನು.
ನಿಯಮ 9: ನಾಯಿಯ ಆಜ್ಞೆಯಿಲ್ಲದೆ ತೋಪು ಹಾರಿಸತಕ್ಕದ್ದಲ್ಲ.
ನಿಯಮ 11: ನಾಯಿ ಇಲ್ಲದ ಸೈನ್ಯವು ಸೋತಂತೆಯೇ ಸರಿ.

ಬೇರೆ ಯಾವುದೇ ಜಿಲ್ಲೆಯಲ್ಲಾಗಿದ್ದರೆ ಇದನ್ನು ಓದಿದ ಮೊದಲನೆಯವನೇ ನಕ್ಕು ಕಾಗದ ಬರೆಯುತ್ತಿದ್ದನು. ಆದರೆ ಬೇಟೆನಾಯಿಗೆ ಹೆಸರಾದ ಮುಧೋಳದ ಸುತ್ತ ಹತ್ತು ಹರದಾರಿಯಲ್ಲಿ ನಾಯಿ ಸೈನ್ಯ ನಡೆಸುವುದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ‘ಒಬ್ಬ ನಾಯಿ’ ಎಂಬುದು ವಿಚಿತ್ರ ಅನ್ನಿಸಲಿಲ್ಲವೇ ಎಂದು ನಾನು ಇತ್ತೀಚೆಗೆ ಲಗಮಣ್ಣನವರನ್ನು ಕೇಳಲಾಗಿ, “ನಮ್ಮ ಮನ್ಯಾಗ ನಾಯಿಗೆ ಒಂದು, ಎರಡು ಅನ್ನೂದಿಲ್ರಿ. ಒಬ್ಬಾಂವ, ಇಬ್ರು ಅಂತೀವಿ,” ಎಂದು ಉತ್ತರಿಸಿದರು.

3. ಡಬ್ಬಿಯಲ್ಲಿ ನಾಯಿ ಇರಲಿಲ್ಲ. ಬದಲಿಗೆ ಪೇಟ ಸುತ್ತಿದ ಮೀಸೆಯ ಮನುಷ್ಯನೊಬ್ಬನಿದ್ದ. ನಿಯಮಪತ್ರದಲ್ಲಿ ಆತನ ಹೆಸರೇ ಇಲ್ಲದ್ದರಿಂದ, ಆತ ನಾಯಿ ಸಾಕಿದವನೆಂದು ಕೆಲವರೂ, ಯುದ್ಧ ನೋಡಲು ಬಂದವನೆಂದು ಕೆಲವರೂ ತಿಳಿದರು. ಆತನನ್ನು ಮಕ್ಕಳಿಗೆ ಕೊಟ್ಟು, ನಾಯಿಯನ್ನು ತಾವೇ ಮಾಡಿಕೊಂಡರು. ನಮ್ಮೂರಿನ ಸಿದ್ದಕ್ಕ ಕರಿ ಉಣ್ಣೆ ಹೊಸೆದು ಮಾಡುತ್ತಿದ್ದ ಹೆಬ್ಬೆರಳಿನಷ್ಟು ನಾಯಿಗಳಿಗೆ ಜಮಖಂಡಿಯಿಂದ ಬೇಡಿಕೆ ಬರುತ್ತಿತ್ತು.

4. ಒಂಬತ್ತನೆಯ ನಿಯಮವೇ ಮುಂದಿನ ಎಲ್ಲದಕ್ಕೂ ಕಾರಣವಾದದ್ದು. ನಾಯಿ ಆಜ್ಞೆ ಮಾಡುವುದೆಂದರೆ ಹೇಗೆ ಎಂಬ ಪ್ರಶ್ನೆ ಮೊದಲು ಎದ್ದದ್ದು ಬನಹಟ್ಟಿಯಲ್ಲಿ. ಬೊಗಳಿಯೇ ಮಾಡಬೇಕು, ಬೇರೆ ದಾರಿ ಅದಕ್ಕೆಲ್ಲಿದೆ ಎಂದು ಅಲ್ಲಿಯ ಹಿರಿಯರು ತೀರ್ಮಾನಿಸಿದರು. ಆದ್ದರಿಂದ ತೋಪು ಹಾರಿಸುವ ಮುಂಚೆ ಆಟಗಾರನು ತನ್ನ ನಾಯಿಯ ಪರವಾಗಿ ಬೊಗಳುವುದು ಎಲ್ಲ ತಾಲೂಕುಗಳಲ್ಲಿ ಕಡ್ಡಾಯವಾಯಿತು. ಬನಹಟ್ಟಿಯವರು ಮಗ್ಗದ ಸದ್ದಿನಲ್ಲಿ ಆಡುವವರಾದ್ದರಿಂದ ಭಾರಿ ಬೊಗಳುವರು. ಜಮಖಂಡಿಯವರು ಹಳೆಯ ಸಂಸ್ಥಾನದ ಸಂಕೋಚದಿಂದ ಕೆಮ್ಮಿದಂತೆ ಬೊಗಳುವರು. ಮುಧೋಳದವರು, ನಮ್ಮ ನಾಯಿ ಸುಮ್ಮಸುಮ್ಮನೆ ಬಾಯಿ ಬಿಡುವುದಿಲ್ಲವೆಂದು, ಗುರಿ ಗಟ್ಟಿಯಾದ ಮೇಲೆ ಒಂದೇ ಸಲ.

5. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2004ರ ಜಿಲ್ಲಾ ಪಂದ್ಯಾವಳಿಯ ಅಂತಿಮ ಪಂದ್ಯವು ಮುಧೋಳದಲ್ಲಿ ನಮ್ಮೂರಿನ ಇಬ್ಬರ ನಡುವೆ ನಡೆಯಿತು. ಒಬ್ಬರು ನನ್ನ ಕಾಕಾ ಗಿರಿಮಲ್ಲಪ್ಪ: ಜಮೀನುದಾರರು, ಊರಿನ ಬಾಯಲ್ಲಿ ಸಾವಕಾರರು. ಇನ್ನೊಬ್ಬರು ಮೂರನೆಯ ಅಂಶದಲ್ಲಿ ಬಂದ ಸಿದ್ದಕ್ಕನ ಗಂಡ ಹಾಲಸಿದ್ದಪ್ಪ: ಕುರಿ ಕಾಯುವ ಮನೆತನ, ಸ್ವಲ್ಪ ಕಬ್ಬೂ ಇದೆ. ಇಬ್ಬರೂ ಒಂದೇ ವಯಸ್ಸಿನವರು. ಒಬ್ಬರು ಇನ್ನೊಬ್ಬರಿಗೆ “ಲೇ ಹಾಲ್ಯಾ” ಅನ್ನುವುದು, ಇನ್ನೊಬ್ಬರು “ಯಾಕ್ರಿ ಸಾವಕಾರ್ರ” ಅನ್ನುವುದು ಅವರ ಅಪ್ಪಂದಿರ ಕಾಲದಿಂದ ನಡೆದುಬಂದದ್ದು. ಯಾರೂ ಇದನ್ನು ತಪ್ಪೆಂದು ತಿಳಿದಿರಲಿಲ್ಲ, ಸರಿಯೆಂದೂ ತಿಳಿದಿರಲಿಲ್ಲ.

ಪಂದ್ಯದ ಹಿಂದಿನ ದಿನ ಕಾಕಾ ತಮ್ಮ ಕಟ್ಟೆಯ ಮೇಲೆ ಕುಳಿತು, ಗೆಲ್ಲುವುದು ಖಾತ್ರಿಯಿದ್ದ ಸಂತೋಷದಲ್ಲಿ, ಹತ್ತು ಜನರೆದುರು ಒಂದು ಪಣ ಒಡ್ಡಿದರು: “ನಾ ಸೋತ್ರ, ಲೇ ಹಾಲ್ಯಾ, ಸಾಯೂತನ ನಿನಗ ರೀ ಅಂತೀನಿ.” ಹಾಲಸಿದ್ದಪ್ಪನವರು ಹುಟ್ಟಿದಾಗಿನಿಂದ ಅವರಿಗೆ ‘ರೀ’ ಅನ್ನುತ್ತಲೇ ಇದ್ದುದರಿಂದ ಅವರ ಕಡೆ ಒಡ್ಡಲು ಅಂಥದ್ದೇನೂ ಉಳಿದಿರಲಿಲ್ಲ. ಕಾರಣ, ಒಂದು ಟಗರು ಒಡ್ಡಿದರು.

6. ಅಂಪೈರ್ ನಾನೇ ಇದ್ದೆ. ಆಟ ಮಧ್ಯಾಹ್ನದ ಹೊತ್ತಿಗೆ ಕಾಕಾನ ಕೈಗೆ ಬಂತು. ಅವರ ತೋಪು ಎದುರಾಳಿಯ ಕೋಟೆ ಬಾಗಿಲಿಗೆ ನೇರ ನಿಂತಿತ್ತು. ಬೊಗಳಿ ಹಾರಿಸುವುದಷ್ಟೇ ಬಾಕಿ. ಕಾಕಾ ಸಭೆಯತ್ತ ನೋಡಿದರು. ಮುಂದಿನ ಸಾಲಿನಲ್ಲಿ ಹೊಸದಾಗಿ ಸಂಬಂಧ ಬೆಳೆಸಿದ ಬೀಗರು ಕುಳಿತಿದ್ದರು. ಅಲ್ಲಿಯವರೆಗಿನ ಪಂದ್ಯಗಳನ್ನು ಕಾಕಾ ಬರೀ ಕುದುರೆ, ಕಾಲಾಳುಗಳಿಂದಲೇ ಏಕೆ ಗೆದ್ದಿದ್ದರೆಂಬುದು ನನಗೆ ಆಗ ಹೊಳೆಯಿತು. ಕಾಕಾ ಮೀಸೆ ಸವರಿಕೊಂಡು, ಬೆನ್ನ ಹಿಂದೆ ನಿಂತಿದ್ದ ಆಳಿಗೆ, “ನೀ ಬೊಗಳಲೇ,” ಅಂದರು. ಆತ ಬೊಗಳಿದ, ಚೆನ್ನಾಗಿಯೇ ಬೊಗಳಿದ. ಆದರೆ ಆಜ್ಞೆಯು ಆಟಗಾರನ ಬಾಯಿಂದಲೇ ಬರತಕ್ಕದ್ದೆಂದು ರೂಢಿಯಿರುವುದರಿಂದ ನಾನು ಅದನ್ನು ಅಸಿಂಧುಗೊಳಿಸಿದೆನು. ಕಾಕಾ ನನ್ನನ್ನು ನೋಡಿದ ನೋಟವನ್ನು ಈ ಅರ್ಜಿಗೆ ಲಗತ್ತಿಸಲು ಸಾಧ್ಯವಿಲ್ಲ.

ಪಾಳಿ ಹಾಲಸಿದ್ದಪ್ಪನವರಿಗೆ ಹೋಯಿತು. ಅವರು ಉಣ್ಣೆಯ ನಾಯಿಯನ್ನು ಕುದುರೆಯ ಮೇಲೆ ಕೂರಿಸಿ, ಮೊಣಕಾಲೂರಿ, ಕುರಿಹಿಂಡಿನ ಹತ್ತಿರ ತೋಳ ಬಂದಾಗ ಕೇಳುವಂಥ ದನಿಯಲ್ಲಿ ಮೂರು ಸಲ ಬೊಗಳಿದರು. ಹೊರಗೆ ಬೀದಿಯಿಂದ ಉತ್ತರ ಬಂತು. ತೋಪು ಹಾರಿತು. ಕಾಕಾನ ನಾಯಿ ಬಿತ್ತು.

7. ಕಾಕಾ ಮಾತಿನ ಮನುಷ್ಯರು. ಮರುದಿನ ಚಹಾದಂಗಡಿಯಲ್ಲಿ, ಕಷಾಯ ನುಂಗುವವರ ಮುಖ ಮಾಡಿಕೊಂಡು, “ಬರ್ರಿ ಹಾಲಸಿದ್ದಪ್ಪನವರ, ಕುಂಡ್ರಿ,” ಅಂದರು. ಅಂಗಡಿಯವನು ಇದು ಚೇಷ್ಟೆಯೆಂದು ಮೊದಲು ನಕ್ಕನು. ಎರಡನೆಯ ದಿನ ನಗಲಿಲ್ಲ. ನಾಲ್ಕನೆಯ ದಿನ, ಸಾವಕಾರರೇ ಅಂದ ಮೇಲೆ ಏನೋ ಕಾರಣ ಇರಬೇಕೆಂದು ತಾನೂ ‘ರೀ’ ಅಂದನು. ಅಲ್ಲಿಂದ ಅದು ಬಸ್ಸಿನ ಕಂಡಕ್ಟರನಿಗೂ, ಕಾರ್ಖಾನೆಯಲ್ಲಿ ಕಬ್ಬಿನ ಪಾಳಿ ಕೂಗುವವನಿಗೂ ಹಬ್ಬಿತು. ಚಹಾದಂಗಡಿಯ ಬಾಕಿನ ಮೇಲೆ ಜನ ಸರಿದು ಕೂರಲು ಜಾಗ ಕೊಟ್ಟರು. ಎಂಟು ವರ್ಷ ಹೀಗೆ ನಡೆಯಿತು. ಆಟ ನಿಂತರೂ ‘ರೀ’ ನಿಲ್ಲಲಿಲ್ಲ. ಅದರ ಮೂಲ ಒಂದು ಆಟದಲ್ಲಿದೆ ಎಂಬುದನ್ನು ಅರ್ಧ ಊರು ಮರೆತೇಬಿಟ್ಟಿತು.

8. ಹೀಗಿರುವಾಗ, ಅಣ್ಣಾಸಾಹೇಬರ ಮಗನಿಂದ ತಾವು ಆಟದ ಹಕ್ಕನ್ನೂ ಮೂಲ ಹಸ್ತಪ್ರತಿಯನ್ನೂ ಕೊಂಡಿರುವಿರೆಂದೂ, ಆಟ ಮರಳಿ ಬರುವುದೆಂದೂ ಮುಧೋಳದ ಬಸ್ ನಿಲ್ದಾಣದಲ್ಲಿ ಭಿತ್ತಿಪತ್ರ ಅಂಟಿತು. ಅಭಿಮಾನಿಗಳ ಪ್ರತಿಕ್ರಿಯೆ ತಮಗೆ ಉಪಯೋಗವಾಗಬಹುದೆಂದು ದಾಖಲಿಸುತ್ತಿದ್ದೇನೆ. ಬನಹಟ್ಟಿಯ ಒಬ್ಬರು ಅರ್ಧ ದಿನ ಮಗ್ಗ ನಿಲ್ಲಿಸಿ ಪೇಡೆ ಹಂಚಿದರು. ಜಮಖಂಡಿಯ ಒಬ್ಬರು ಅಟ್ಟದಿಂದ ಹಳೆಯ ಡಬ್ಬಿ ಇಳಿಸಿ ನೋಡಲಾಗಿ, ಇಲಿಗಳು ಎರಡೂ ಕೋಟೆಗಳನ್ನು ಯಾವ ಪಕ್ಷಪಾತವಿಲ್ಲದೆ ತಿಂದಿದ್ದವು. ಹೊಸ ಡಬ್ಬಿ ಬಂದ ದಿನವೇ, ಹಳೆಯದಕ್ಕೆ ಅಂಟಿನ ವಾಸನೆ ಇತ್ತು, ಇದಕ್ಕಿಲ್ಲ ಎಂಬ ದೂರು ಶುರುವಾಯಿತು. ಹೊಳೆಯ ನೀಲಿ ಹೆಚ್ಚಾಯಿತೆಂದರು. ಕುದುರೆಗಳು ಬಡಕಲೆಂದರು. ಅತಿ ಹೆಚ್ಚು ಸಿಟ್ಟಾದವರು ಈ ಆಟವನ್ನು ಎಂದೂ ಆಡದವರು. ಇಷ್ಟೆಲ್ಲ ಅಂದವರು ತಲಾ ಎರಡು ಡಬ್ಬಿ ಕೊಂಡರು, ಒಂದು ಆಡಲಿಕ್ಕೆ, ಒಂದು ಮುಚ್ಚಿಡಲಿಕ್ಕೆ.

9. ಬಿಡುಗಡೆಯ ಸಮಾರಂಭಕ್ಕೆ ತಮ್ಮ ಪ್ರತಿನಿಧಿ ಕುಮಾರಿ ಪೂನಮ್ ಬಂದಿದ್ದರು. ಸಭ್ಯ ಹುಡುಗಿ, ಅವರ ಮೇಲೆ ನಮ್ಮ ದೂರಿಲ್ಲ. ವೇದಿಕೆಯ ಮೇಲೆ ಆಟ ತೋರಿಸುತ್ತ ಅವರು ತೋಪಿಗೆ ಕೈ ಹಾಕಿದ ಕೂಡಲೇ, ಸಭಾಂಗಣದಲ್ಲಿದ್ದ ಇನ್ನೂರು ಜನ ಹಳೆಯ ಅಭ್ಯಾಸದಂತೆ ಒಟ್ಟಾಗಿ ಬೊಗಳಿದರು. ಪೂನಮ್ ಅವರು ಬಾಗಿಲು ಹಾಕಿದೆಯೇ ಎಂದು ನೋಡಿದರು. ಆಮೇಲೆ ವಿಷಯ ತಿಳಿದು, ಹಸ್ತಪ್ರತಿ ನೋಡಿ ಆ ತಪ್ಪನ್ನು ತಿದ್ದಲಾಗಿದೆ, ಇನ್ನು ಯಾರೂ ಬೊಗಳುವ ಅಗತ್ಯವಿಲ್ಲ ಎಂದು ಸಂತೋಷದಿಂದ ತಿಳಿಸಿದರು. ಮೀಸೆಯ ಮನುಷ್ಯನನ್ನು ಎತ್ತಿ ಹಿಡಿದು, ನಾಯಕ ಈತನೇ ಎಂದರು.

ಲಗಮಣ್ಣನವರು ಹಿಂದಿನ ಸಾಲಿನಿಂದ ಎದ್ದು, ಹಾಗಾದರೆ ಇಷ್ಟು ವರ್ಷ ಆತ ಯಾಕೆ ಬಾಯಿ ಬಿಡಲಿಲ್ಲವೆಂದು ಕೇಳಿದರು. ಪೂನಮ್ ಅವರು ಮೀಸೆಯ ಮನುಷ್ಯನನ್ನು ಮೆಲ್ಲಗೆ ಕೆಳಗಿಟ್ಟರು.

ಅಷ್ಟರಲ್ಲಿ ಕಾಕಾ ಎದ್ದರು. ಹೊಸ ಪುಸ್ತಕದ ಹನ್ನೊಂದನೆಯ ನಿಯಮವನ್ನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು: ನಾಯಕನಿಲ್ಲದ ಸೈನ್ಯವು ಸೋತಂತೆಯೇ ಸರಿ. ಹಾಲಸಿದ್ದಪ್ಪನವರ ಡಬ್ಬಿಯ ಮೀಸೆಯ ಮನುಷ್ಯನನ್ನು ಅವರ ಮೊಮ್ಮಗಳು ರೇಷ್ಮಾ ಗೊಂಬೆ ಮದುವೆಯಲ್ಲಿ ವರನನ್ನಾಗಿ ಮಾಡಿಕೊಂಡಿದ್ದಳೆಂಬುದೂ, ಆದ್ದರಿಂದ 2004ರ ಪಂದ್ಯದಲ್ಲಿ ಆತ ಹಲಗೆಯ ಮೇಲಿರಲಿಲ್ಲವೆಂಬುದೂ ಊರಿಗೆಲ್ಲ ಗೊತ್ತಿದ್ದ ಸಂಗತಿ. ಕಾಕಾನ ಮೀಸೆಯ ಮನುಷ್ಯನಾದರೋ ಅಂದು ಹಲಗೆಯ ಮೂಲೆಯಲ್ಲಿ ಬೀಡಿಪೆಟ್ಟಿಗೆಗೆ ಒರಗಿ ನಿಂತಿದ್ದ.

ಕಾಕಾ ಪುಸ್ತಕ ಮುಚ್ಚಿ ಹೇಳಿದರು: “ಲೇ ಹಾಲ್ಯಾ, ಕೇಳಿದೇನು? ನೀ ಆಟ ಸುರು ಆಗೂಕಿಂತ ಮೊದ್ಲ ಸೋತಿದ್ದಿ.”

ಹಾಲಸಿದ್ದಪ್ಪನವರು ತಮ್ಮ ಉಣ್ಣೆಯ ನಾಯಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು.

10. ‘ರೀ’ ಊರಿಗೆ ಹಬ್ಬಲು ತಿಂಗಳು ಹಿಡಿದಿತ್ತು. ಇಳಿಯಲು ಎರಡು ದಿನ ಸಾಕಾಯಿತು. ಚಹಾದಂಗಡಿಯವನು, “ಏ ಹಾಲ್ಯಾ, ಸ್ವಲ್ಪ ಸರದ ಕುಂಡ್ರು,” ಅಂದನು. ಕಂಡಕ್ಟರನು ಮುದುಕನೆಂದನು. ಕಬ್ಬಿನ ಪಾಳಿಯಲ್ಲಿ ಅವರ ಹೆಸರನ್ನು ಎಲ್ಲರ ನಂತರ, ಬಾಲ ಕತ್ತರಿಸಿ, ಕೂಗಲಾಯಿತು. ಇದಾವುದನ್ನೂ ಕಾಕಾ ಹೇಳಿಕೊಟ್ಟಿರಲಿಲ್ಲ ಎಂಬುದನ್ನು ನ್ಯಾಯದ ದೃಷ್ಟಿಯಿಂದ ದಾಖಲಿಸಬೇಕಾಗಿದೆ. ಅವರು ಆಡಿದ್ದು ಒಂದೇ ಒಂದು ‘ಲೇ’.

ಮೂರನೆಯ ದಿನ ಹಾಲಸಿದ್ದಪ್ಪನವರು ನನ್ನ ಮನೆಗೆ ಬಂದರು. ಒಳಗೆ ಕರೆದರೆ ಬರಲಿಲ್ಲ. ಬಾಗಿಲಲ್ಲಿ ನಿಂತೇ ಕೇಳಿದರು: “ಗೌಡ್ರ, ರೀ ಹೋದ್ರ ಹೋಗ್ಲಿ. ನೀವು ಅಂಪೈರ್ ಇದ್ರಿ. ನಾ ಖರೇನ ಗೆದ್ದಿದ್ನೋ ಇಲ್ಲೋ, ಅದಷ್ಟ ಹೇಳ್ರಿ. ಇಲ್ಲಂದ್ರ ಎಂಟ ವರ್ಷ ನಾ ಮಂದಿ ಕಡಿಂದ ಸುಳ್ಳ ರೀ ಇಸಗೊಂಡಂಗ ಆತು.”

ಗೆದ್ದಿದ್ದೀರಿ ಎಂದು ನಾನು ಹೇಳಿದೆನು. ಅವರು ತಲೆ ಅಲ್ಲಾಡಿಸಿದರು. “ನೀವು ಅಂದ್ರ ಆತೇನ್ರಿ? ಪುಸ್ತಕದಾಗ ಇಲ್ಲಲಾ.” ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ತಮ್ಮ ಬಳಿ ಇದೆ. ಈ ಅರ್ಜಿಗೆ ಇದೇ ಮುಖ್ಯ ಕಾರಣ.

11. ಅದೇ ಸಂಜೆ ಸಿದ್ದಕ್ಕ ನೇರವಾಗಿ ಕಾಕಾನ ಕಟ್ಟೆಗೆ ಬಂದರು. ನಾನು ಅಲ್ಲೇ ಇದ್ದೆನು. ಅವರು ದನಿ ಏರಿಸಲಿಲ್ಲ.

“ಸಾವಕಾರ್ರ, ನಿಮ್ಮ ರೀ ನೀವು ತಿರುಗಿ ತಗೊಂಡ್ರಿ. ಅದು ನಿಮ್ದು, ತಗೋರಿ. ಆದ್ರ ನಿಮ್ಮ ನೋಡಿ ಊರ ಮಂದಿ ಕೊಟ್ಟಿದ್ರಲಾ, ಅದನ್ನ ಯಾಕ ತಗೊಂಡ್ರಿ? ಅದು ನಿಮ್ದಲ್ಲ.”

ಕಾಕಾ ಮೇಲಿನ ತೊಲೆ ನೋಡಿದರು. ನಂತರ, ತಾನು ನಿಯಮದ ಪ್ರಕಾರ ಸೋತು ನಿಯಮದ ಪ್ರಕಾರ ‘ರೀ’ ಅಂದವನು, ಈಗ ನಿಯಮದ ಪ್ರಕಾರವೇ ‘ಲೇ’ ಅಂದಿದ್ದೇನೆ, ಇದರಲ್ಲಿ ತನ್ನದೇನಿದೆ ಎಂದು ವಾದಿಸಿದರು. ಆಗ ಒಳಗಿನಿಂದ ನನ್ನ ಚಿಗವ್ವ ಭಾಗವ್ವ ಚಹಾದ ಬಟ್ಟಲು ತಂದು, ಮೊದಲು ಸಿದ್ದಕ್ಕನಿಗೆ ಕೊಟ್ಟು, ಗಂಡನ ಕಡೆ ನೋಡದೆಯೇ ಅಂದರು: “ಎಂಟ ವರ್ಷ ಹೊರಗ ರೀ ಅಂದ ರೂಢಿಗೆ, ಒಳಗ ಬಂದ ನನ್ನ ಕೂಡಾನೂ ಎರಡ ಮಾತ ಮೆತ್ತಗ ಆಡ್ತಿದ್ರು. ಮೂರ ದಿನಾ ಆತು, ಮತ್ತ ಮೊದಲಿನ ಗಂಟಲಾ ಬಂದೈತಿ.”

ಕಾಕಾ, ಸಿದ್ದಕ್ಕ ಚಹಾ ಮುಗಿಸಿ ಹೋದ ಮೇಲೆ ನನ್ನತ್ತ ತಿರುಗಿ, “ಸಭಾದಾಗ ಆಡಿದ ಮಾತ ನಾ ಸುಮ್ಮನ ಹೆಂಗ ತಿರುಗಿ ತಗೊಳ್ಳಿ? ಕಂಪನಿಯವ್ರು ನಾಯೀನ ಖರೆ ಅಂತ ಬರದ ಕಳಸ್ಲಿ. ಮರದಿನ ಮುಂಜಾನಿ ಚಾದಂಗಡ್ಯಾಗ ರೀ ಅಂತೀನಿ,” ಅಂದರು. ಸ್ವಲ್ಪ ತಡೆದು, ಹುಬ್ಬಳ್ಳಿಗೆ ಕಾಗದ ಮುಟ್ಟಲು ಎಷ್ಟು ದಿನ ಬೇಕೆಂದು ವಿಚಾರಿಸಿದರು. ಲಕೋಟೆಯ ಮೇಲೆ ‘ತುರ್ತು’ ಎಂದು ಬರೆಯಲು ಸೂಚಿಸಿದವರೂ ಅವರೇ. ಅಂದಿನಿಂದ ಅವರು ಹೊಲಕ್ಕೆ ಚಹಾದಂಗಡಿಯ ಮುಂದಿನ ದಾರಿ ಬಿಟ್ಟು, ಕೆರೆ ಸುತ್ತಿ ಹೋಗುತ್ತಿದ್ದಾರೆ.

12. ಮೇಲಿನ ಎಲ್ಲ ಕಾರಣಗಳಿಂದ, ಹಾಗೂ ಕೆರೆಯ ದಾರಿಯಲ್ಲಿ ಕೆಸರಿರುವ ಕಾರಣದಿಂದ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

(ಅ) ಮುಂದಿನ ಮುದ್ರಣದಲ್ಲಿ ‘ನಾಯಕ’ನನ್ನು ಬಿಡುಗಡೆಗೊಳಿಸಿ, ‘ಒಬ್ಬ ನಾಯಿ’ಯನ್ನು ಹಿಂದಿನ ಸೇವಾಹಿರಿತನದೊಂದಿಗೆ ಮರಳಿ ತೆಗೆದುಕೊಳ್ಳಬೇಕು.

(ಆ) ಡಬ್ಬಿಗಳು ಈಗಾಗಲೇ ಮುದ್ರಣವಾಗಿದ್ದು ಇದು ಸಾಧ್ಯವಿಲ್ಲವೆಂದಾದಲ್ಲಿ, ‘ಈ ತಿದ್ದುಪಡಿಯು ಹಿಂದೆ ಆಡಿ ಮುಗಿಸಿದ ಪಂದ್ಯಗಳಿಗೆ ಅನ್ವಯಿಸತಕ್ಕದ್ದಲ್ಲ, ಗೆದ್ದವರು ಗೆದ್ದಂತೆಯೇ ಸರಿ’ ಎಂಬ ಚೀಟಿಯನ್ನು ಪ್ರತಿ ಡಬ್ಬಿಯಲ್ಲೂ ಹಾಕಬೇಕು. ಬಾಡಗಂಡಿಗೆ ಬರುವ ಡಬ್ಬಿಗಳಲ್ಲಷ್ಟೇ ಹಾಕಿದರೂ ನಡೆಯುತ್ತದೆ.

(ಇ) ಅದೂ ಆಗದಿದ್ದರೆ, ಮೂರನೆಯ ಪುಟದಲ್ಲಿ ಹೊಸದಾಗಿ ಒಂದು ಮುದ್ರಣದೋಷವನ್ನಾದರೂ ದಯಪಾಲಿಸಬೇಕು. ಇದಕ್ಕೆ ಅನುಭವಸ್ಥರು ಬೇಕಾದಲ್ಲಿ ಲಗಮಣ್ಣನವರು ಹುಬ್ಬಳ್ಳಿಗೆ ಬರಲು ಸಿದ್ಧರಿದ್ದಾರೆ. ಊಟ, ಬಸ್ ಚಾರ್ಜು ಕೊಟ್ಟರೆ ಸಾಕು.

ಶಿಸ್ತಿನ ಆಟಕ್ಕೆ ಬೊಗಳುವುದು ಶೋಭೆಯಲ್ಲವೆಂದು ತಮ್ಮ ಕಚೇರಿಯಲ್ಲಿ ಯಾರಾದರೂ ಆಕ್ಷೇಪಿಸಬಹುದು. ಅಂಥವರು ಒಮ್ಮೆ ನಮ್ಮಲ್ಲಿಗೆ ಬಂದು, ನಾಲ್ಕು ಜನರೆದುರು, ಬೀಗರ ಮುಂದೆ, ಬೊಗಳಿ ನೋಡಬೇಕೆಂದು ಕೋರುತ್ತೇನೆ. ಯುದ್ಧದಲ್ಲಿ ಅದಕ್ಕಿಂತ ಧೈರ್ಯದ ಕೆಲಸ ನಾನು ನೋಡಿಲ್ಲ.

ಹಳೆಯ ಆವೃತ್ತಿಯ ಪ್ರಕಾರ
ತಮ್ಮ ವಿಶ್ವಾಸಿ,

(ಸಹಿ)
ಚಿ. ಗು. ಬಿರಾದಾರ

ಅಡಕಗಳು:
1. ಹಳೆಯ ನಿಯಮಪತ್ರದ ಝೆರಾಕ್ಸ್ ಪ್ರತಿ.
2. ಉಣ್ಣೆಯ ನಾಯಿ, ಒಬ್ಬ (ಪರಿಶೀಲನೆಯ ನಂತರ ಹಿಂದಿರುಗಿಸುವುದು).
3. ಮೀಸೆಯ ಮನುಷ್ಯ, ಬಾಸಿಂಗ ಸಹಿತ. ಈತನನ್ನು ಹಿಂದಿರುಗಿಸಬೇಕಾಗಿಲ್ಲ, ರೇಷ್ಮಾ ಈಗ ಕಾಲೇಜಿಗೆ ಹೋಗುತ್ತಾಳೆ.
4. ಆಟಗಾರರ ಸಹಿಗಳು. ಮೊದಲನೆಯ ಸಹಿ ಶ್ರೀ ಗಿರಿಮಲ್ಲಪ್ಪ ಬಿರಾದಾರ ಅವರದು. ಹೆಸರು ಓದಲು ಬಾರದಂತೆ ಬರೆದಿರುವುದು ಉದ್ದೇಶಪೂರ್ವಕ.

ವಿ. ಸೂ.: ತಮ್ಮ ಉತ್ತರವನ್ನು ನನ್ನ ಹೆಸರಿಗೆ ಕಳುಹಿಸದೆ, ‘ಶ್ರೀಯುತ ಹಾಲಸಿದ್ದಪ್ಪನವರಿಗೆ, ಬಾಡಗಂಡಿ’ ಎಂಬ ವಿಳಾಸಕ್ಕೆ ಕಳುಹಿಸಬೇಕು. ಒಳಗೆ ತಾವು ಏನೇ ಬರೆದಿರಲಿ, ಹೊರಗೆ ‘ಅವರಿಗೆ’ ಎಂಬುದು ದೊಡ್ಡ ಅಕ್ಷರದಲ್ಲಿ ಸ್ಪಷ್ಟವಾಗಿರಲಿ. ನಮ್ಮ ಅಂಚೆಯವರಿಗೆ ವಿಳಾಸದಲ್ಲಿ ಇದ್ದದ್ದನ್ನು ಇದ್ದ ಹಾಗೆ, ಚಹಾದಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಗಟ್ಟಿಯಾಗಿ ಓದಿ ಕರೆಯುವ ರೂಢಿಯಿದೆ.